ವಿದ್ಯುತ್ ಕಾರು: ಓಡುವಾಗಿನ ಲೆಕ್ಕ, ನಿಂತಾಗಿನ ಲೆಕ್ಕ

ಮಾನ್ಯ ಸಂಪಾದಕರೇ,

ವಿದ್ಯುತ್ ಕಾರು ಕೊಳ್ಳುವುದು ಲಾಭವೋ ನಷ್ಟವೋ ಎಂಬ ಬಗ್ಗೆ ಕೆಲವು ವಾರಗಳಿಂದ ತಮ್ಮ ಪತ್ರಿಕೆಯ ಓದುಗರ ಪತ್ರಗಳ ವಿಭಾಗದಲ್ಲಿ ನಡೆಯುತ್ತಿರುವ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಪರವಾಗಿ ಬರೆದವರು ಪೆಟ್ರೋಲಿನ ಬೆಲೆಯಿಂದ ಆರಂಭಿಸಿ ಪರಿಸರದಲ್ಲಿ ಮುಗಿಸುತ್ತಾರೆ. ವಿರೋಧವಾಗಿ ಬರೆದವರು ಬ್ಯಾಟರಿಯ ಬೆಲೆಯಿಂದ ಆರಂಭಿಸಿ ನಡುದಾರಿಯಲ್ಲಿ ಕೈಕೊಟ್ಟ ಕಾರಿನ ಕಥೆಯಲ್ಲಿ ಮುಗಿಸುತ್ತಾರೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ಮನೆಬಳಕೆಯ ಯಾವ ಕಾರೇ ಆಗಲಿ ದಿನದಲ್ಲಿ ಓಡುವುದು ಹೆಚ್ಚೆಂದರೆ ಎರಡು ಮೂರು ತಾಸು. ಉಳಿದ ಇಪ್ಪತ್ತು ತಾಸಿಗೂ ಹೆಚ್ಚು ಕಾಲ ಅದು ಎಲ್ಲೋ ಒಂದು ಕಡೆ ಸುಮ್ಮನೆ ನಿಂತಿರುತ್ತದೆ. ಪೆಟ್ರೋಲ್ ಕಾರು ಎಲ್ಲಿ ನಿಂತರೂ ನಡೆಯುತ್ತದೆ. ವಿದ್ಯುತ್ ಕಾರಿನ ಮಟ್ಟಿಗೆ ಮಾತ್ರ, ಅದು ನಿಲ್ಲುವ ಜಾಗದಲ್ಲಿ ಒಂದು ಸಾಕೆಟ್ ಇದೆಯೇ, ಇದ್ದರೆ ಅದು ಯಾರ ಸಾಕೆಟ್ ಎಂಬುದರ ಮೇಲೆ ಲಾಭ ನಷ್ಟವೆಲ್ಲ ನಿಂತಿದೆ ಎಂಬುದು ಮೂರೂವರೆ ವರ್ಷ ಇಂಥದೊಂದು ಕಾರನ್ನು ಓಡಿಸಿದ ಮೇಲೆ ನನಗೆ ಮನವರಿಕೆಯಾಗಿದೆ.

ನಾನು ತೀರ್ಥಹಳ್ಳಿಯವನು. ಕೊಪ್ಪದ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನಕ್ಕೆ ಹೋಗಿ ಬರಲು ಸುಮಾರು 60 ಕಿಲೋಮೀಟರ್. 2022ರ ಏಪ್ರಿಲ್‌ನಲ್ಲಿ, 30 ಯೂನಿಟ್ ಹಿಡಿಯುವ ಬ್ಯಾಟರಿಯ ವಿದ್ಯುತ್ ಕಾರೊಂದನ್ನು ಕೊಂಡೆ. ಒಮ್ಮೆ ತುಂಬಿಸಿದರೆ 300 ಕಿಲೋಮೀಟರ್‌ಗೂ ಹೆಚ್ಚು ಓಡುತ್ತದೆಂದು ಕಂಪನಿಯ ಪ್ರಚಾರಪತ್ರದಲ್ಲಿ ಅಚ್ಚಾಗಿತ್ತು. ಆ ಅಂಕಿ ಪ್ರಯೋಗಶಾಲೆಯಲ್ಲಿ, ನಿಗದಿತ ಮಂದ ವೇಗದಲ್ಲಿ, ಏರು ತಗ್ಗಿಲ್ಲದ ಕಡೆ ಬಂದದ್ದು. ನಮ್ಮ ರಸ್ತೆಯಲ್ಲಿ ಅದು ಕೊಟ್ಟದ್ದು 205. ಈಗ 62 ಸಾವಿರ ಕಿಲೋಮೀಟರ್ ಓಡಿದ ಮೇಲೆ ಕೊಡುತ್ತಿರುವುದು 190ರ ಆಸುಪಾಸು. ದಿನಕ್ಕೆ 60 ಓಡಿಸುವವನಿಗೆ 190 ಧಾರಾಳವಾಯಿತು. ಕೊಳ್ಳುವವರು ಕಂಪನಿಯ ಅಂಕಿಯಲ್ಲಿ ಮೂರನೆಯ ಒಂದು ಪಾಲನ್ನು ಮೊದಲೇ ಕಳೆದು, ಉಳಿದದ್ದು ತಮಗೆ ಸಾಕೇ ಎಂದು ನೋಡಿದರೆ ಆಮೇಲೆ ಯಾರ ಮೇಲೂ ಸಿಟ್ಟಾಗಬೇಕಾಗಿಲ್ಲ.

ಮೊದಲು ಹಣದ ಲೆಕ್ಕವನ್ನೇ ಹೇಳಿಬಿಡುತ್ತೇನೆ. ತಿಂಗಳಿಗೆ ನನ್ನ ಓಡಾಟ 1,500 ಕಿಲೋಮೀಟರ್. ಚಾರ್ಜ್ ಮಾಡುವಾಗ ಶಾಖವಾಗಿ ಸೋರಿಹೋಗುವುದೂ ಸೇರಿ ಗೋಡೆಯ ಸಾಕೆಟ್‌ನಿಂದ ತಿಂಗಳಿಗೆ 240 ಯೂನಿಟ್ ಖರ್ಚಾಗುತ್ತದೆ. 2025ರ ದರದಲ್ಲಿ ತೆರಿಗೆ ಶುಲ್ಕಗಳೆಲ್ಲ ಸೇರಿ ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ 1,680 ರೂಪಾಯಿ. ಇಷ್ಟೇ ದೂರಕ್ಕೆ ನನ್ನ ಹಳೆಯ ಕಾರು 100 ಲೀಟರ್ ಪೆಟ್ರೋಲ್ ಕುಡಿಯುತ್ತಿತ್ತು. ಲೀಟರಿಗೆ 103 ರೂಪಾಯಿಯಂತೆ 10,300. ಅಂದರೆ ತಿಂಗಳಿಗೆ 8,600 ರೂಪಾಯಿಗೂ ತುಸು ಹೆಚ್ಚು ಉಳಿತಾಯ. ಇಂಜಿನ್ ಆಯಿಲ್, ಕ್ಲಚ್ಚು, ಬೆಲ್ಟು ಇತ್ಯಾದಿ ಇಲ್ಲದಿರುವುದರಿಂದ ಸರ್ವೀಸಿನ ಖರ್ಚೂ ಕಡಿಮೆ. ಆದರೆ ಬ್ಯಾಟರಿಯ ತೂಕದಿಂದಾಗಿ ಟೈರು ಬೇಗ ಸವೆಯುವುದರಿಂದ ಆ ಉಳಿತಾಯದಲ್ಲಿ ಅರ್ಧ ಅತ್ತ ಹೋಗುತ್ತದೆ ಎಂದಿಟ್ಟುಕೊಳ್ಳಿ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ನಾನು ಹೆಚ್ಚಿಗೆ ಕೊಟ್ಟದ್ದು ಮೂರೂವರೆ ಲಕ್ಷ. ಅದು 41 ತಿಂಗಳಲ್ಲಿ ತೀರಿತು. ಸಾಲದ ಬಡ್ಡಿಯನ್ನೂ ಸೇರಿಸಿದರೆ ಇನ್ನೂ ಒಂದು ವರ್ಷ ಬೇಕು. ಎಂಟು ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್‌ವರೆಗೆ ಬ್ಯಾಟರಿಗೆ ವಾರಂಟಿ ಇರುವುದರಿಂದ ನನ್ನ ಮಟ್ಟಿಗೆ ಇದು ನಿಸ್ಸಂಶಯವಾಗಿ ಲಾಭದ ವ್ಯವಹಾರ.

ಈಗ ಬೆಂಗಳೂರಿನಲ್ಲಿ ಬಾಡಿಗೆ ಫ್ಲಾಟಿನಲ್ಲಿರುವ ನನ್ನ ಮಗಳು ಅಳಿಯಂದಿರ ಲೆಕ್ಕ ನೋಡಿ. ಕಳೆದ ವರ್ಷ ಅವರೂ ವಿದ್ಯುತ್ ಕಾರನ್ನೇ ಕೊಳ್ಳಲು ಹೊರಟಿದ್ದರು. ನೆಲಮಾಳಿಗೆಯಲ್ಲಿ ಅವರಿಗೆ ಕೊಟ್ಟ ಪಾರ್ಕಿಂಗ್ ಜಾಗದ ಕಂಬಕ್ಕೆ ಒಂದು ಸಾಕೆಟ್ ಹಾಕಿಸಿಕೊಳ್ಳಲು ಅನುಮತಿ ಕೇಳಿದರೆ, ಮನೆಯ ಮಾಲೀಕರು ಅಪಾರ್ಟ್‌ಮೆಂಟ್ ಸಂಘವನ್ನು ಕೇಳಿ ಎಂದರು. ಸಂಘದವರು ಮಾಲೀಕರೇ ಅರ್ಜಿ ಕೊಡಬೇಕು ಎಂದರು. ಮಾಲೀಕರು ಇರುವುದು ವಿದೇಶದಲ್ಲಿ. ಕೊನೆಗೆ ಸಭೆಯಲ್ಲಿ, ಬೆಂಕಿ ಬಿದ್ದರೆ ಹೊಣೆ ಯಾರು ಎಂಬ ಒಂದು ಪ್ರಶ್ನೆಗೆ ಉತ್ತರ ಸಿಗದೆ ವಿಷಯ ಮುಂದಕ್ಕೆ ಹೋಯಿತು, ಇನ್ನೂ ಮುಂದಕ್ಕೇ ಹೋಗುತ್ತಿದೆ. ಸಾಕೆಟ್ ಇಲ್ಲದೆ ಕಾರು ಕೊಂಡರೆ ಸಾರ್ವಜನಿಕ ಚಾರ್ಜಿಂಗ್ ಕೇಂದ್ರವೇ ಗತಿ. ಅಲ್ಲಿ ಯೂನಿಟ್ಟಿಗೆ 20 ರೂಪಾಯಿಯ ಆಸುಪಾಸು. ಅವರ ಓಡಾಟ ತಿಂಗಳಿಗೆ ಹೆಚ್ಚೆಂದರೆ 400 ಕಿಲೋಮೀಟರ್. ಅದಕ್ಕೆ 1,200 ರೂಪಾಯಿಗೂ ತುಸು ಹೆಚ್ಚು. ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಪೆಟ್ರೋಲ್ ಕಾರು ಲೀಟರಿಗೆ 12 ಕಿಲೋಮೀಟರ್ ಕೊಟ್ಟರೂ 3,400 ರೂಪಾಯಿ. ತಿಂಗಳಿಗೆ ಉಳಿಯುವುದು 2,200. ಈ ದರದಲ್ಲಿ ಮೂರೂವರೆ ಲಕ್ಷ ಹಿಂದಕ್ಕೆ ಬರಲು ಹದಿಮೂರು ವರ್ಷ ಬೇಕು. ಬ್ಯಾಟರಿಯ ವಾರಂಟಿ ಮುಗಿದು ಆಗಲೇ ಐದು ವರ್ಷವಾಗಿರುತ್ತದೆ.

ಕಾರು ಅದೇ, ಕಂಪನಿಯೂ ಅದೇ, ಬೆಲೆಯೂ ಅದೇ. ಒಂದು ಮನೆಗೆ ಮೂರೂವರೆ ವರ್ಷ, ಇನ್ನೊಂದಕ್ಕೆ ಹದಿಮೂರು. ದೂರದ ವ್ಯತ್ಯಾಸ ಇದಕ್ಕೆ ಒಂದು ಕಾರಣ ನಿಜ. ಆದರೆ ಮಗಳ ಕಾರು ಮನೆಯಲ್ಲೇ ಚಾರ್ಜ್ ಆಗುವಂತಿದ್ದರೆ ಹದಿಮೂರು ವರ್ಷ ಹತ್ತಕ್ಕೆ ಇಳಿಯುತ್ತಿತ್ತು, ಅದಕ್ಕಿಂತ ಮುಖ್ಯವಾಗಿ ವಾರಕ್ಕೊಮ್ಮೆ ಕಚೇರಿ ಮುಗಿಸಿಕೊಂಡು ಚಾರ್ಜಿಂಗ್ ಕೇಂದ್ರದ ಮುಂದೆ ಒಂದು ತಾಸು ಕೂರುವ ಕರ್ಮ ತಪ್ಪುತ್ತಿತ್ತು. ಈ ಒಂದು ತಾಸಿಗೆ ಯಾವ ಲೆಕ್ಕದಲ್ಲೂ ಬೆಲೆ ಕಟ್ಟುವುದಿಲ್ಲ.

ಸ್ವಂತ ಮನೆಯಿದ್ದವರಿಗೂ ಎಲ್ಲವೂ ಸಲೀಸಲ್ಲ ಎಂಬುದನ್ನು ಮುಚ್ಚಿಡಬಾರದು. ಕಾರು ಮನೆಗೆ ಬಂದ ದಿನ ಆರತಿ ಎತ್ತಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಒಳಗೆ ತಂದು, ರಾತ್ರಿ ಪೋರ್ಟಿಕೋದ 16 ಆಂಪಿಯರ್ ಸಾಕೆಟ್ಟಿಗೆ ಚಾರ್ಜರ್ ಸಿಕ್ಕಿಸಿದೆ. ಪೆಟ್ಟಿಗೆಯ ಮೇಲೆ ಕೆಂಪು ದೀಪ ಹತ್ತಿತು. ತೆಗೆದು ಮತ್ತೆ ಹಾಕಿದರೂ ಕೆಂಪೇ. ಮರುದಿನ ಬಂದ ಎಲೆಕ್ಟ್ರಿಷಿಯನ್ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮೀಟರ್ ಹಿಡಿದು ನೋಡಿದರೆ, ಹೆಚ್ಚುಕಡಿಮೆ ಸೊನ್ನೆ ಇರಬೇಕಾದ ಕಡೆ ನಲವತ್ತು ವೋಲ್ಟ್ ತೋರಿಸುತ್ತಿತ್ತು. ನಮ್ಮದು ಮೂವತ್ತು ವರ್ಷದ ಮನೆ. ಅರ್ತಿಂಗ್ ತಂತಿಯನ್ನು ಯಾವ ಕಾಲದಲ್ಲೋ ಹಿತ್ತಲಿನ ತುಕ್ಕು ಹಿಡಿದ ನೀರಿನ ಪೈಪಿಗೆ ಸುತ್ತಿ ಬಿಟ್ಟಿದ್ದರು. ಮೂವತ್ತು ವರ್ಷ ಫ್ರಿಡ್ಜು, ಮಿಕ್ಸಿ, ಗೀಸರ್ ಯಾವುದೂ ತಕರಾರು ತೆಗೆಯಲಿಲ್ಲ. ಕಾರು ಮೊದಲ ರಾತ್ರಿಯೇ ತೆಗೆಯಿತು. ಏಪ್ರಿಲ್‌ನ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಇಬ್ಬರು ಆಳುಗಳು ಅರ್ಧ ದಿನ ಹಾರೆ ಹಾಕಿ ಎಂಟಡಿ ಗುಂಡಿ ತೋಡಿದರು. ಪೈಪು ನಿಲ್ಲಿಸಿ, ಇದ್ದಿಲು ಒಂದು ಪದರ ಉಪ್ಪು ಒಂದು ಪದರ ಹಾಕಿ, ಹತ್ತು ಕೊಡ ನೀರು ಸುರಿದ ಮೇಲೆ ಸಂಜೆ ದೀಪ ಹಸಿರಾಯಿತು. ಈಗಲೂ ಬೇಸಿಗೆಯಲ್ಲಿ ವಾರಕ್ಕೊಂದು ಬಕೆಟ್ ನೀರು ಆ ಗುಂಡಿಗೆ ಸಲ್ಲುತ್ತದೆ. ಗುಂಡಿಗೆ ನೀರು ಹಾಕಿ ಬರುವುದಕ್ಕೆ ನಮ್ಮ ಮನೆಯಲ್ಲಿ ಕಾರಿಗೆ ಕಲಗಚ್ಚು ಕೊಡುವುದು ಎಂದೇ ಹೆಸರು.

ಅದರ ಬೆನ್ನಿಗೆ ಮಂಜೂರಾದ ಲೋಡಿನ, ಅಂದರೆ ಮನೆ ಒಮ್ಮೆಗೆ ಎಳೆಯಬಹುದಾದ ವಿದ್ಯುತ್ತಿನ ಮಿತಿಯ, ಪ್ರಶ್ನೆ ಬಂತು. ಮನೆಗೆ 2 ಕಿಲೋವ್ಯಾಟ್ ಇತ್ತು, ಕಾರಿನ ಚಾರ್ಜರ್ ಒಂದೇ 3.3 ಕಿಲೋವ್ಯಾಟ್ ಎಳೆಯುತ್ತದೆ. ಅರ್ಜಿ, ಠೇವಣಿ, ಹೆಚ್ಚಿದ ನಿಗದಿತ ಶುಲ್ಕ ಎಲ್ಲ ಆಯಿತು. 2023ರಲ್ಲಿ ಗೃಹಜ್ಯೋತಿ ಬಂದಾಗ ಇನ್ನೊಂದು ವಿಷಯ ತಿಳಿಯಿತು. ಹಿಂದಿನ ಹಣಕಾಸು ವರ್ಷದ ಸರಾಸರಿ ಬಳಕೆಯ ಮೇಲೆ ಉಚಿತ ಯೂನಿಟ್ ನಿಗದಿಯಾಗುತ್ತಿತ್ತು, ಮಿತಿ 200. ಮನೆಯ ಬಳಕೆ 80, ಕಾರಿನದು 240, ಒಟ್ಟು 320. ಹಾಗಾಗಿ ನಾವು ಮೊದಲ ದಿನದಿಂದಲೇ ಯೋಜನೆಯ ಹೊರಗೆ. ಕಾರಿಗೆ ಕರೆಂಟು ಕುಡಿಸಿ ಮನೆ ದೀಪಕ್ಕೂ ದುಡ್ಡು ಕಟ್ಟೋ ಹಾಗಾಯ್ತಲ್ಲ ಮಾರಾಯ್ರೆ ಎಂದು ನನ್ನಾಕೆ ಇಂದಿಗೂ ಬಿಲ್ಲು ಬಂದ ದಿನ ನೆನಪಿಸುತ್ತಾಳೆ. ತಿಂಗಳಿಗೆ ಐದಾರು ನೂರು ರೂಪಾಯಿಯ ಮಾತು ಅಷ್ಟೆ, ಅದರಿಂದ ಮೇಲಿನ ಲೆಕ್ಕ ಬುಡಮೇಲಾಗುವುದಿಲ್ಲ. ಆದರೆ ಶೋರೂಮಿನಲ್ಲಿ ಕಿಲೋಮೀಟರಿಗೆ ಒಂದೇ ರೂಪಾಯಿ ಸರ್ ಎನ್ನುವವರು ಇಂಥವನ್ನು ಹೇಳುವುದಿಲ್ಲ.

ಮಳೆಗಾಲದ ಮಾತು ಬೇರೆಯೇ ಇದೆ. ಪುನರ್ವಸು, ಪುಷ್ಯ ಮಳೆ ಹೊಡೆಯುವಾಗ ನಮ್ಮ ಕಡೆ ಮರ ಲೈನಿನ ಮೇಲೆ ಬಿದ್ದರೆ ಎರಡು ದಿನ ಕರೆಂಟು ಇರುವುದಿಲ್ಲ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ಮೂರು ದಿನ. ಲೈನ್‌ಮನ್‌ಗಳು ಕೊಡೆ ಹಿಡಿಯಲೂ ಆಗದ ಗಾಳಿಯಲ್ಲಿ ಕಂಬ ಹತ್ತುವುದನ್ನು ನೋಡಿದವರು ಅವರನ್ನು ಬೈಯುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ನಾನು ಬ್ಯಾಟರಿಯನ್ನು ಶೇ 50ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಹಿಂದೆ ಮಳೆಗಾಲಕ್ಕೆ ಸೌದೆ, ಹಪ್ಪಳ ಕೂಡಿಡುತ್ತಿದ್ದಂತೆ ಈಗ ಕರೆಂಟು ಕೂಡಿಡುತ್ತೇನೆ. ನೀರು ತುಂಬಿದ ರಸ್ತೆಯಲ್ಲಿ ಬ್ಯಾಟರಿಗೆ ಏನಾಗುತ್ತದೆ ಎಂದು ಕೇಳುವವರು ಬಹಳ. ಬ್ಯಾಟರಿಯ ಪೆಟ್ಟಿಗೆ ನೀರು ಹೋಗದಂತೆ ಮುಚ್ಚಿರುತ್ತದೆ, ಪೆಟ್ರೋಲ್ ಕಾರು ದಾಟಬಹುದಾದ ನೀರನ್ನು ಇದೂ ದಾಟುತ್ತದೆ, ಅದು ದಾಟಬಾರದ ನೀರನ್ನು ಇದೂ ದಾಟಬಾರದು.

ಘಟ್ಟದ ವಿಷಯವನ್ನು ಇಲ್ಲಿ ಹೇಳದೆ ಇರಲಾರೆ, ಏಕೆಂದರೆ ಕಾರು ಘಟ್ಟ ಇಳಿಯುವಾಗ ಪೂರ್ತಿ ಚಾರ್ಜ್ ಆಗುತ್ತದಂತೆ ಎಂದು ನಮ್ಮೂರಲ್ಲೇ ನಂಬಿದವರಿದ್ದಾರೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು ಇಳಿಯುವಾಗ ಬ್ರೇಕಿನಲ್ಲಿ ಸುಟ್ಟುಹೋಗಬೇಕಾದ ಶಕ್ತಿ ಬ್ಯಾಟರಿಗೆ ಮರಳುವುದು ನಿಜ. ನನ್ನ ಕಾರಿನಲ್ಲಿ ಮೇಲೆ ಶೇ 62 ಇದ್ದದ್ದು ಕೆಳಗೆ 64 ಆಗಿತ್ತು. ಉಡುಪಿಯಿಂದ ಹಿಂದಿರುಗುವಾಗ ಅದೇ ಘಟ್ಟ 12 ಅಂಕ ಕಿತ್ತುಕೊಂಡಿತು. ಎರಡು ಕೊಟ್ಟು ಹನ್ನೆರಡು ಪಡೆಯುವುದು ಯಾವ ಸಾಹುಕಾರನಿಗೂ ಒಳ್ಳೆಯ ವ್ಯಾಪಾರವೇ. ಆದರೂ ಇಳಿಯುವಾಗ ಬ್ರೇಕ್ ಕಾದ ವಾಸನೆ ಬರುವುದಿಲ್ಲ, ಏರುವಾಗ ಗೇರಿನ ಗೋಳಿಲ್ಲ. ಓಡಿಸುವ ಸುಖದ ಮಟ್ಟಿಗೆ ನಾನು ಇನ್ನು ಹಿಂದಿನ ಕಾರಿಗೆ ಮರಳಲಾರೆ. ಸದ್ದಿಲ್ಲದಿರುವುದೇ ಒಂದು ಹೊಸ ತೊಂದರೆ: ರಸ್ತೆಯಲ್ಲಿ ಮಲಗಿದ ನಾಯಿಗಳು ಏಳುವುದೇ ಇಲ್ಲ, ಹಾರ್ನ್ ಹೊಡೆದರೂ ನಂಬುವುದಿಲ್ಲ.

ದೂರದ ಪ್ರಯಾಣದಲ್ಲಿ ಈ ಕಾರಿನ ಮಿತಿ ಚೆನ್ನಾಗಿ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ ಮಗಳ ಮನೆಗೆ ಇದರಲ್ಲೇ ಹೊರಟೆವು. ಕಡೂರು ದಾಟಿದ ಮೇಲೆ ಒಂದು ಹೋಟೆಲಿನ ಅಂಗಳದಲ್ಲಿ ಚಾರ್ಜರ್ ಖಾಲಿಯಿದೆಯೆಂದು ಮೊಬೈಲ್ ಆ್ಯಪ್ ತೋರಿಸುತ್ತಿತ್ತು. ಹೋಗಿ ನೋಡಿದರೆ ಯಂತ್ರದ ಪರದೆ ಕಪ್ಪಾಗಿತ್ತು. ಅದರ ಮುಂದೆ ಯಾರೋ ಡೀಸೆಲ್ ಗಾಡಿ ನಿಲ್ಲಿಸಿ ಊಟಕ್ಕೆ ಹೋಗಿದ್ದರು. ಹೋಟೆಲಿನವರನ್ನು ಕೇಳಿದರೆ ಅದು ನಮಗೆ ಸೇರಿದ್ದಲ್ಲ ಸರ್ ಎಂದರು. ಯಂತ್ರದ ಮೇಲಿದ್ದ ನಂಬರಿಗೆ ಕರೆ ಮಾಡಿದರೆ ದೂರು ದಾಖಲಾಯಿತು. ಎ.ಸಿ. ಆರಿಸಿ, ಗಂಟೆಗೆ 50ರ ವೇಗದಲ್ಲಿ, ಕಿಟಕಿ ತೆಗೆದು ಬೆವರೊರೆಸಿಕೊಳ್ಳುತ್ತಾ 40 ಕಿಲೋಮೀಟರ್ ಮುಂದಿನ ಕೇಂದ್ರ ತಲುಪಿದಾಗ ಉಳಿದಿದ್ದದ್ದು ಶೇ 6. ಅಲ್ಲಿ ನಮಗಿಂತ ಮುಂದೆ ಇಬ್ಬರಿದ್ದರು. ಏಳು ತಾಸಿನ ದಾರಿ ಅಂದು ಹನ್ನೊಂದು ತಾಸಾಯಿತು. ಅಂದಿನಿಂದ ಬೆಂಗಳೂರಿಗೆ ಹೋಗುವುದಿದ್ದರೆ ಶಿವಮೊಗ್ಗದವರೆಗೆ ಕಾರು, ಅಲ್ಲಿಂದ ರೈಲು. ಈಚೆಗೆ ಹೆದ್ದಾರಿಗಳಲ್ಲಿ ಕೇಂದ್ರಗಳು ಹೆಚ್ಚಿವೆ, ಹೊಸ ಕಾರುಗಳ ಬ್ಯಾಟರಿಯೂ ದೊಡ್ಡದಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಮನೆಯಲ್ಲಿ ಒಂದೇ ಕಾರು, ತಿಂಗಳಿಗೆ ಎರಡು ಬಾರಿ ದೂರದ ಪ್ರಯಾಣ ಎನ್ನುವವರಿಗೆ ನಾನು ಇದನ್ನು ಇನ್ನೂ ಶಿಫಾರಸು ಮಾಡುವುದಿಲ್ಲ.

ಕೆಟ್ಟರೆ ರಿಪೇರಿ ಯಾರು ಮಾಡುತ್ತಾರೆ ಎಂಬುದೂ ನಮ್ಮಂಥ ಊರುಗಳಲ್ಲಿ ದೊಡ್ಡ ಪ್ರಶ್ನೆ. ಒಂದು ಬೆಳಿಗ್ಗೆ ಕಾರಿನ ಬಾಗಿಲೇ ತೆರೆಯಲಿಲ್ಲ. ಹೊಟ್ಟೆಯಡಿಯಲ್ಲಿ 30 ಯೂನಿಟ್ ತುಂಬಿಕೊಂಡ ಕಾರು ನಿರ್ಜೀವವಾಗಿ ನಿಂತಿತ್ತು. ಎಲ್ಲ ಕಾರುಗಳಲ್ಲಿರುವಂತೆ ಇದರಲ್ಲೂ ಲಾಕು, ದೀಪ, ಕಂಪ್ಯೂಟರುಗಳಿಗಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿಯೊಂದಿದೆ. ಅದು ಸತ್ತರೆ ದೊಡ್ಡ ಬ್ಯಾಟರಿಯಲ್ಲಿ ಎಷ್ಟಿದ್ದರೂ ಪ್ರಯೋಜನವಿಲ್ಲ. ಅಧಿಕೃತ ಸರ್ವೀಸಿನವರು 60 ಕಿಲೋಮೀಟರ್ ದೂರದಿಂದ ನಾಳೆ ಬರುತ್ತೇವೆಂದರು. ಕೊನೆಗೆ ಜೀಪು ರಿಪೇರಿ ಮಾಡುವ ನಮ್ಮೂರ ಮೆಕ್ಯಾನಿಕ್, ಹಳೆಯ ಜೀಪಿನ ಬ್ಯಾಟರಿಯಿಂದ ಎರಡು ವೈರು ಎಳೆದು ಹತ್ತು ನಿಮಿಷದಲ್ಲಿ ಎಬ್ಬಿಸಿದರು. ಆದರೆ ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲುಗಳನ್ನು ತೋರಿಸಿ, ಇದನ್ನು ಮಾತ್ರ ನಾನು ಮುಟ್ಟುವುದಿಲ್ಲ ಸಾರ್ ಎಂದರು. ಅವರು ಹೇಳಿದ್ದು ಸರಿ. ತರಬೇತಿಯಿಲ್ಲದೆ ಅದನ್ನು ಯಾರೂ ಮುಟ್ಟಬಾರದು. ಆ ತರಬೇತಿ ತಾಲ್ಲೂಕು ಮಟ್ಟದ ಐಟಿಐಗಳಿಗೆ ಬರಬೇಕು.

ಇನ್ನು ಪರಿಸರ. ಹಸಿರು ನಂಬರ್ ಪ್ಲೇಟ್ ಹಾಕಿಕೊಂಡ ಮಾತ್ರಕ್ಕೆ ಕಾರು ಹಸಿರಾಗುವುದಿಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಅಂಕಿಗಳ ಪ್ರಕಾರ ದೇಶದ ಗ್ರಿಡ್‌ನ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋಗ್ರಾಂಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನನ್ನ 240 ಯೂನಿಟ್ಟಿಗೆ ಸುಮಾರು 170 ಕಿಲೋಗ್ರಾಂ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋಗ್ರಾಂ, 100 ಲೀಟರಿಗೆ 230. ಕಡಿಮೆಯಾದದ್ದು ಕಾಲು ಭಾಗ. ಬ್ಯಾಟರಿ ತಯಾರಿಸುವಾಗ ಹೊರಬಿದ್ದದ್ದನ್ನು ಇದರಲ್ಲಿ ಹಿಡಿದಿಲ್ಲ, ಕಚ್ಚಾ ತೈಲವನ್ನು ಹಡಗಿನಲ್ಲಿ ತಂದು ಸಂಸ್ಕರಿಸುವಾಗ ಹೊರಬಿದ್ದದ್ದನ್ನೂ ಹಿಡಿದಿಲ್ಲ. ಕರ್ನಾಟಕದಲ್ಲಿ ಜಲ, ಪವನ, ಸೌರ ವಿದ್ಯುತ್ತಿನ ಪಾಲು ದೊಡ್ಡದಾಗಿರುವುದರಿಂದ ನಮ್ಮ ಲೆಕ್ಕ ಇದಕ್ಕಿಂತ ಚೆನ್ನಾಗಿರಬೇಕು. ಆದರೆ ನಾನು ಚಾರ್ಜ್ ಮಾಡುವುದು ರಾತ್ರಿ ಹನ್ನೊಂದಕ್ಕೆ. ಆ ಹೊತ್ತಿನಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ನಿದ್ದೆಯಲ್ಲಿರುತ್ತದೆ; ಎಚ್ಚರವಿರುವುದು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳು, ಮತ್ತು ನಮ್ಮ ಶರಾವತಿ. ನಮ್ಮ ಜಿಲ್ಲೆಯವರಿಗೆ ಶರಾವತಿಯ ಕರೆಂಟು ಎಂದಾಗ ಮುಳುಗಡೆಯೂ ನೆನಪಾಗುತ್ತದೆ. ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಮೊಮ್ಮಕ್ಕಳು ಇನ್ನೂ ಹಕ್ಕುಪತ್ರಕ್ಕೆ ಅಲೆಯುತ್ತಿರುವಾಗ, ಶುದ್ಧ ವಿದ್ಯುತ್ ಎಂಬ ಮಾತನ್ನು ನಾವು ಸ್ವಲ್ಪ ತಗ್ಗಿದ ದನಿಯಲ್ಲೇ ಆಡಬೇಕು.

ಹಗಲು ಹೊತ್ತು ಬಿಸಿಲಿನ ಕರೆಂಟು ಹೇರಳವಾಗಿರುವಾಗ ನನ್ನ ಕಾರು ಎಲ್ಲಿರುತ್ತದೆ? ಕಾಲೇಜಿನ ಹುಣಸೆ ಮರದ ಕೆಳಗೆ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆಯವರೆಗೆ. ಏಳು ತಾಸು 3.3 ಕಿಲೋವ್ಯಾಟ್ ದೊರೆತರೆ 20 ಯೂನಿಟ್ಟಿಗೂ ಹೆಚ್ಚಾಯಿತು, ನನ್ನ ಎರಡು ದಿನದ ಓಡಾಟಕ್ಕೆ ಸಾಕು. ಬೇಕಾದದ್ದು ಗೀಸರಿಗೆ ಹಾಕುವಂಥ ಒಂದು ಸಾಕೆಟ್, ಒಂದು ಸಬ್ ಮೀಟರ್, ನೆಟ್ಟಗಿನ ಅರ್ತಿಂಗ್. ಕಚೇರಿ, ಕಾಲೇಜು, ಬ್ಯಾಂಕು, ಬಸ್ ನಿಲ್ದಾಣಗಳ ಪಾರ್ಕಿಂಗ್‌ಗಳಲ್ಲಿ ಇಂಥ ಸಾಮಾನ್ಯ ಸಾಕೆಟ್ಟುಗಳನ್ನು ಹಾಕಿಸುವುದಕ್ಕೆ ಹೆದ್ದಾರಿಯ ಒಂದು ವೇಗದ ಚಾರ್ಜರಿಗೆ ಆಗುವ ಖರ್ಚಿನ ಒಂದು ಸಣ್ಣ ಪಾಲು ಸಾಕು. ಆದರೆ ಉದ್ಘಾಟನೆಗೆ ರಿಬ್ಬನ್ ಕಟ್ಟಲು ವೇಗದ ಚಾರ್ಜರೇ ಚಂದ ಕಾಣುತ್ತದೆ.

ನಮ್ಮ ರಾಜ್ಯ ಈ ವಿಷಯದಲ್ಲಿ ಹಿಂದುಳಿದದ್ದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ರಸ್ತೆಗಿಳಿದಿತ್ತು. ವಿದ್ಯುತ್ ವಾಹನಗಳಿಗೆಂದೇ 2017ರಲ್ಲಿ ನೀತಿ ತಂದ ದೇಶದ ಮೊದಲ ರಾಜ್ಯ ಕರ್ನಾಟಕ. ಪೆಟ್ರೋಲ್ ಕಾರಿನವರು ಬೆಲೆಗೆ ತಕ್ಕಂತೆ ಶೇ 13ರಿಂದ 18ರವರೆಗೆ ಜೀವಿತಾವಧಿ ತೆರಿಗೆ ಕಟ್ಟುವಾಗ ನಾನು 2022ರಲ್ಲಿ ಒಂದು ಪೈಸೆಯನ್ನೂ ಕಟ್ಟಲಿಲ್ಲ. 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ತೆರಿಗೆ ಬಂದದ್ದು 2024ರಲ್ಲಿ; ಅದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ಕೇಂದ್ರದ ಜಿಎಸ್‌ಟಿ 2019ರಿಂದ ಶೇ 5 ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿದದ್ದರಿಂದ ಎರಡರ ಬೆಲೆಯ ಅಂತರ ಮತ್ತೆ ಹಿಗ್ಗಿದೆ, ಹೀಗಾಗಿ ಇಂದು ಕೊಳ್ಳುವವರ ಲೆಕ್ಕ ನನ್ನದಕ್ಕಿಂತ ಬಿಗಿಯಾಗಿಯೇ ಇರುತ್ತದೆ.

ಈ ರಿಯಾಯಿತಿಗಳೆಲ್ಲ ಯಾರ ಕೈ ಸೇರಿದವು ಎಂದು ಕೇಳಿಕೊಂಡರೆ ನನಗೇ ಮುಜುಗರವಾಗುತ್ತದೆ. ಸ್ವಂತ ಮನೆ, ಸ್ವಂತ ಪೋರ್ಟಿಕೋ, ಗುಂಡಿ ತೋಡಲು ಹಿತ್ತಲು ಇರುವ ನನ್ನಂಥವನಿಗೆ ತೆರಿಗೆಯೂ ಮನ್ನಾ ಆಯಿತು, ಕರೆಂಟೂ ಯೂನಿಟ್ಟಿಗೆ 7 ರೂಪಾಯಿ. ಸೂರ್ಯಘರ್ ಯೋಜನೆಯಲ್ಲಿ 78 ಸಾವಿರ ರೂಪಾಯಿ ಸಹಾಯಧನ ಪಡೆದು 3 ಕಿಲೋವ್ಯಾಟ್ ಸೌರ ಫಲಕ ಹಾಕಿಸಿಕೊಳ್ಳಲು ಚಾವಣಿಯೂ ನನ್ನದೇ. ಬಾಡಿಗೆ ಮನೆಯವನಿಗೆ ಸಾಕೆಟ್ ಇಲ್ಲ, ಚಾವಣಿ ಇಲ್ಲ. ಅವನು ಸಾರ್ವಜನಿಕ ಕೇಂದ್ರಕ್ಕೆ ಹೋದರೆ ಅಲ್ಲಿ ಚಾರ್ಜಿಂಗ್ ಒಂದು ಸೇವೆಯೆಂದು ಪರಿಗಣಿತವಾಗಿ ಶೇ 18 ಜಿಎಸ್‌ಟಿ ಬೀಳುತ್ತದೆ. ಮನೆಯ ಕರೆಂಟಿಗೆ ಜಿಎಸ್‌ಟಿ ಇಲ್ಲ. ವಿದ್ಯುತ್ ಒಂದೇ, ಕಾರು ಒಂದೇ. ಮನೆಯಿಲ್ಲದವನಿಗೆ ಹೆಚ್ಚು ತೆರಿಗೆ ಎಂಬುದು ಯಾವ ನ್ಯಾಯ?

ಅಪಾರ್ಟ್‌ಮೆಂಟ್ ಸಂಘಗಳ ಆತಂಕವನ್ನು ನಾನು ಹೀಗಳೆಯುವುದಿಲ್ಲ. 2022ರ ಬೇಸಿಗೆಯಲ್ಲಿ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಚಿತ್ರಗಳು ಎಲ್ಲರ ಕಣ್ಣಲ್ಲಿವೆ. ಆಮೇಲೆ ಬ್ಯಾಟರಿಗಳ ಸುರಕ್ಷತಾ ಮಾನದಂಡಗಳನ್ನು ಕೇಂದ್ರ ಬಿಗಿಗೊಳಿಸಿತು. ನೆಲಮಾಳಿಗೆಯಲ್ಲಿ ಐವತ್ತು ಕಾರುಗಳು ಒಟ್ಟಿಗೆ 3.3 ಕಿಲೋವ್ಯಾಟ್ ಎಳೆದರೆ ಕಟ್ಟಡದ ಟಿಸಿ ತಾಳುವುದಿಲ್ಲ ಎಂಬುದೂ ನಿಜ. ಆದರೆ ಐವತ್ತೂ ಒಟ್ಟಿಗೆ ಎಳೆಯಬೇಕಾಗಿಲ್ಲ. ಬೆಂಗಳೂರಿನಲ್ಲಿ ದಿನಕ್ಕೆ 20 ಕಿಲೋಮೀಟರ್ ಓಡುವ ಕಾರಿಗೆ ಬೇಕಾದದ್ದು ಒಂದು ತಾಸಿನ ಚಾರ್ಜು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಸರದಿ ಹಚ್ಚಿದರೆ ಒಂದು ಹೊತ್ತಿಗೆ ಆರೇಳು ಕಾರು. ಬೋರ್‌ವೆಲ್ ನೀರು ಬಿಡುವುದಕ್ಕೆ ಸರದಿ ಹಚ್ಚಲು ಬರುವ ಸಂಘಗಳಿಗೆ ಇದು ಕಷ್ಟದ ಕೆಲಸವಲ್ಲ. ಇರುವ ಸಂಪರ್ಕದಿಂದಲೇ ಮನೆಯಲ್ಲಿ ವಾಹನ ಚಾರ್ಜ್ ಮಾಡಿಕೊಳ್ಳಬಹುದೆಂದು ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿಯೇ ಹೇಳಿತ್ತು. ಆದರೆ ಮಾರ್ಗಸೂಚಿ ಎಂಬುದು ನೆಲಮಾಳಿಗೆಯವರೆಗೆ ಇಳಿಯುವುದಿಲ್ಲ. ತಾಂತ್ರಿಕ ಷರತ್ತುಗಳನ್ನು ಪಾಲಿಸಿ ಸ್ವಂತ ಖರ್ಚಿನಲ್ಲಿ ಸಾಕೆಟ್ ಹಾಕಿಸಿಕೊಳ್ಳುವ ನಿವಾಸಿಗೆ, ಅವನು ಬಾಡಿಗೆದಾರನೇ ಆಗಿರಲಿ, ಸಂಘವಾಗಲಿ ಮಾಲೀಕರಾಗಲಿ ಇಷ್ಟು ದಿನದೊಳಗೆ ಒಪ್ಪಿಗೆ ಕೊಡಬೇಕು, ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು ಎಂಬ ನಿಯಮವನ್ನು ರಾಜ್ಯ ಸರ್ಕಾರವೇ ತರಬೇಕು.

ಬ್ಯಾಟರಿಯ ಕೊನೆಗಾಲದ ಬಗ್ಗೆ ಎರಡು ಮಾತು. ಹೊಸ ಬ್ಯಾಟರಿಗೆ ಇಂದು ಕಾರಿನ ಬೆಲೆಯ ಸುಮಾರು ಮೂರನೆಯ ಒಂದು ಪಾಲು ಬೇಕು, ಆ ಭಯದಿಂದಲೇ ಹಳೆಯ ವಿದ್ಯುತ್ ಕಾರನ್ನು ಯಾರೂ ಮುಟ್ಟುವುದಿಲ್ಲ. ನನ್ನ ಕಾರನ್ನು ನೋಡಲು ಬಂದ ಶಿವಮೊಗ್ಗದ ದಲ್ಲಾಳಿಯೊಬ್ಬರು ಟೈರು, ಬಣ್ಣ, ಸೀಟು ಎಲ್ಲ ಪರೀಕ್ಷಿಸಿ, ಬ್ಯಾಟರಿ ಹೇಗಿದೆ ಎಂದು ತಿಳಿಯುವ ದಾರಿಯಿಲ್ಲದೆ, ಪೆಟ್ರೋಲ್ ಕಾರಿಗೆ ಹೇಳುವುದರ ಅರ್ಧಕ್ಕಿಂತ ತುಸು ಹೆಚ್ಚಿಗೆ ಬೆಲೆ ಹೇಳಿದರು. ನಿತ್ಯ ಶೇ 80ಕ್ಕೆ ನಿಲ್ಲಿಸಿ, ಬಿಸಿಲಿನಲ್ಲಿ ನಿಲ್ಲಿಸದೆ ಕಾಪಾಡಿಕೊಂಡು ಬಂದ ನನ್ನ ಬ್ಯಾಟರಿಗೂ, ದಿನವೂ ವೇಗದ ಚಾರ್ಜರಿನಲ್ಲಿ ಸುಟ್ಟ ಟ್ಯಾಕ್ಸಿಯ ಬ್ಯಾಟರಿಗೂ ಅವರ ಕಣ್ಣಿಗೆ ವ್ಯತ್ಯಾಸವಿಲ್ಲ. ಮರುನೋಂದಣಿಯ ವೇಳೆ ಬ್ಯಾಟರಿಯ ಉಳಿದ ಸಾಮರ್ಥ್ಯವನ್ನು ತೋರಿಸುವ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದರೆ ಈ ಸಮಸ್ಯೆಯ ಅರ್ಧ ತೀರುತ್ತದೆ. ಹಳೆಯ ಬ್ಯಾಟರಿಗಳನ್ನು ತಯಾರಕರೇ ಹಿಂದಕ್ಕೆ ಪಡೆದು ಸಂಸ್ಕರಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ವಿಧಿಸಿವೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇದೆಯೆಂಬ ಅಂದಾಜು ಬಂದಾಗ ನಮ್ಮವರೆಲ್ಲ ಸಂಭ್ರಮಿಸಿದ್ದರು. ದೇಶದ ಬೇಡಿಕೆಯ ಮುಂದೆ ಅದು ಚಿಟಿಕೆಯಷ್ಟು. ಇರುವ ಬ್ಯಾಟರಿಗಳಿಂದಲೇ ಲಿಥಿಯಂ ಮರಳಿ ತೆಗೆಯುವುದು ಅದಕ್ಕಿಂತ ನಂಬಬಹುದಾದ ಗಣಿ.

ನನ್ನ ಪತ್ರವನ್ನು ಓದಿದವರು ಹಾಗಾದರೆ ಕೊಳ್ಳಬೇಕೋ ಬೇಡವೋ ಎಂದು ಕೇಳಬಹುದು. ಕಳೆದ ತಿಂಗಳು ಅಳಿಯಂದಿರೂ ದೂರವಾಣಿಯಲ್ಲಿ ಇದನ್ನೇ ಕೇಳಿದರು: ಮಾವ, ನೀವೇನು ಹೇಳ್ತೀರಿ? ಸಂಘದ ಸಭೆಯ ವಿಷಯ ಏನಾಯಿತೆಂದು ವಿಚಾರಿಸಿದೆ. ಇನ್ನೂ ಆಗಿಲ್ಲ ಎಂದರು. ಹಾಗಿದ್ದರೆ ಸದ್ಯಕ್ಕೆ ಪೆಟ್ರೋಲ್ ಕಾರನ್ನೇ ತೆಗೆದುಕೊಳ್ಳಿ ಎಂದೆ. ಹೇಳುವಾಗ ನಮ್ಮ ಪೋರ್ಟಿಕೋದಲ್ಲಿ ಚಾರ್ಜರಿನ ಹಸಿರು ದೀಪ ಮಿನುಗುತ್ತಿತ್ತು.

ಇಂತಿ ತಮ್ಮ ವಿಶ್ವಾಸಿ,
ಗಣಿತ ಉಪನ್ಯಾಸಕ,
ತೀರ್ಥಹಳ್ಳಿ